ಓದುಗರ ಪ್ರಶ್ನೆ: ಜಾತ್ರೆಯ ಮೈಕಿನಿಂದ ಕ್ಯಾಮೆರಾದ ಮುಂದಕ್ಕೆ

ಈ ಸಲ ಕಾಸರಗೋಡು ಕಡೆಯಿಂದ ಬಂದ ಕಾಗದಗಳೇ ಹೆಚ್ಚು. ಒಬ್ಬರೇ ನಿಂತು ಮಾತಾಡಿ ನಗಿಸುವವರು ಟಿವಿಗೆ, ಸಿನಿಮಾಕ್ಕೆ ಹೋಗುವ ದಾರಿಯ ಬಗ್ಗೆ ಕೇಳಿದವುಗಳನ್ನು ಒಟ್ಟಿಗೆ ಉತ್ತರಿಸಿದ್ದೇವೆ.

ಶಾಲಾ ಕಲೋತ್ಸವದಲ್ಲಿ ಮಿಮಿಕ್ರಿ, ಮೋನೋ ಆಕ್ಟ್ ಮಾಡಿದವನು. ಈಗ ಜಾತ್ರೆ, ಯುವಕ ಮಂಡಲದ ವಾರ್ಷಿಕೋತ್ಸವಗಳಲ್ಲಿ ಅರ್ಧ ಗಂಟೆ ನಗಿಸುತ್ತೇನೆ. ಟಿವಿ ಆಡಿಷನ್ನಿನಲ್ಲಿ ಎರಡೇ ನಿಮಿಷಕ್ಕೆ ‘ಸಾಕು’ ಅಂದರು. ಎಲ್ಲಿ ತಪ್ಪಿತು? (ಕುಂಬಳೆ)

ಆ ಅರ್ಧ ಗಂಟೆಯಲ್ಲಿ ಊರಿನ ಪಾಲು ಎಷ್ಟು, ನಿಮ್ಮ ಪಾಲು ಎಷ್ಟು ಅಂತ ಮೊದಲು ಲೆಕ್ಕ ಹಾಕಿ. ಜಾತ್ರೆಯಲ್ಲಿ ಅಧ್ಯಕ್ಷರ ಹೆಸರು ಹಿಡಿದು ಒಂದು ತಮಾಷೆ ಮಾಡಿದರೆ ಜನ ನಗುತ್ತಾರೆ, ಯಾಕೆಂದರೆ ಅವರಿಗೆ ಅಧ್ಯಕ್ಷರು ಗೊತ್ತು. ಆಡಿಷನ್ ಕೋಣೆಯಲ್ಲಿ ಮೂವರು ಅಪರಿಚಿತರು ಕೂತಿರುತ್ತಾರೆ, ಬೆಳಗ್ಗಿನಿಂದ ಐವತ್ತು ಜನರನ್ನು ನೋಡಿ ದಣಿದಿರುತ್ತಾರೆ. ಅಲ್ಲಿ ಮೊದಲ ನಗು 20 ಸೆಕೆಂಡಿನ ಒಳಗೆ ಬರಬೇಕು. ನಮಸ್ಕಾರ, ಪರಿಚಯ, ‘ಒಂದು ಸಣ್ಣ ಪ್ರಯತ್ನ’ ಎಲ್ಲವನ್ನೂ ಕಡಿದುಹಾಕಿ.

ಐದು ನಿಮಿಷದ ಒಂದು ಗಟ್ಟಿ ಕಟ್ಟು ಮಾಡಿಕೊಳ್ಳಿ. ನಗುವಿಗೆ ಜಾಗ ಬಿಟ್ಟರೆ ಅದು ಸುಮಾರು 450ರಿಂದ 500 ಪದ, ಹೆಚ್ಚೆಂದರೆ ಎರಡು ಪುಟ. ಮುಂದಿನ ಮೂರು ಕಾರ್ಯಕ್ರಮಗಳಲ್ಲಿ ಫೋನನ್ನು ಜೇಬಿನಲ್ಲಿ ಆನ್ ಮಾಡಿಟ್ಟು ಧ್ವನಿ ಮಾತ್ರ ರೆಕಾರ್ಡ್ ಮಾಡಿ. ಮನೆಗೆ ಬಂದು ಕೇಳುವಾಗ ಬರೆದ ಹಾಳೆಯ ಮೇಲೆ ನಗು ಬಂದಲ್ಲೆಲ್ಲ ಗೆರೆ ಹಾಕಿ. ಮೂರು ಊರುಗಳಲ್ಲೂ ಗೆರೆ ಬೀಳದ ಸಾಲನ್ನು ತೆಗೆಯಿರಿ, ಎಷ್ಟು ಪ್ರೀತಿಯದ್ದಾದರೂ ಸರಿ. ಒಂದು ಊರಲ್ಲಿ ಮಾತ್ರ ಬಿದ್ದದ್ದು ಆ ಊರಿನ ಜೋಕು, ಅಲ್ಲಿಗೇ ಇರಲಿ.

ಇನ್ನೊಂದು ತಪ್ಪು ಕನ್ನಡದ ವಾಕ್ಯದ ಜಾಡಿನಲ್ಲೇ ಇದೆ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಅದರ ಬಾಲಕ್ಕೆ ‘ಅಂತ ಹೇಳಿದರು’ ಅಂಟಿಕೊಳ್ಳುತ್ತದೆ. ನೋಡಿ: “ಬಸ್ಸಿನ ಬೋರ್ಡು ಮಲಯಾಳದಲ್ಲಿತ್ತು, ಕಂಡಕ್ಟರ್ ತುಳುವಿನಲ್ಲಿ ಬೈದ, ‘ಚಿಲ್ಲರೆ ಇಲ್ಲ’ ಅಂತ ಮಾತ್ರ ಅಚ್ಚ ಕನ್ನಡದಲ್ಲಿ ಹೇಳಿದ ಅಂತ ನಮ್ಮ ಅಜ್ಜಿ ಮನೆಗೆ ಬಂದು ಹೇಳಿದರು.” ನಗು ಇರುವುದು ‘ಚಿಲ್ಲರೆ ಇಲ್ಲ’ದಲ್ಲಿ. ಅದರ ಮೇಲೆ ಇನ್ನೂ 11 ಪದ ಸುರಿದಿದ್ದೀರಿ. ನಗಲು ಬಾಯಿ ತೆರೆದವರು ನೀವು ಮಾತಾಡುತ್ತಿದ್ದೀರಲ್ಲ ಅಂತ ಮುಚ್ಚಿಕೊಳ್ಳುತ್ತಾರೆ. ಹೀಗೆ ಮಾಡಿ: “ಅಜ್ಜಿ ಬಸ್ಸು ಹತ್ತಿದರು. ಬೋರ್ಡು ಮಲಯಾಳದಲ್ಲಿ. ಬೈಗುಳ ತುಳುವಿನಲ್ಲಿ. ಕಂಡಕ್ಟರಿಗೆ ಅಚ್ಚ ಕನ್ನಡದಲ್ಲಿ ಬರುವುದು ಒಂದೇ ಮಾತು: ಚಿಲ್ಲರೆ ಇಲ್ಲ.” ಯಾರು ಹೇಳಿದ್ದು ಎಂಬುದು ಮೊದಲೇ ಬಂತು, ನಗುವ ಪದ ಕೊನೆಗೆ ಉಳಿಯಿತು. ಅಷ್ಟಾದ ಮೇಲೆ ಬಾಯಿ ಮುಚ್ಚಿ ನಿಲ್ಲಬೇಕು. ಇದೇ ಎಲ್ಲಕ್ಕಿಂತ ಕಷ್ಟ.

ವೀಡಿಯೊ ಕಳಿಸಿ ಎಂದರೆ ಫೋನನ್ನು ಅಡ್ಡ ಹಿಡಿದು, ಕಣ್ಣಿನ ಎತ್ತರಕ್ಕೆ ಇಟ್ಟು, ಕಿಟಕಿಯ ಬೆಳಕು ಮುಖದ ಮೇಲೆ ಬೀಳುವ ಹಾಗೆ ನಿಲ್ಲಿ. ಬೆನ್ನಿಗೆ ಬೆಳಕಿದ್ದರೆ ಮುಖ ಕಪ್ಪಾಗುತ್ತದೆ. ಕಾಲರಿಗೆ ಸಿಕ್ಕಿಸುವ ಮೈಕು ಇರಲಿ. ಆಟಿಯ ಮಳೆಯಲ್ಲಿ ಶೀಟಿನ ಮಾಡಿನಡಿ ಮಾತ್ರ ರೆಕಾರ್ಡ್ ಮಾಡಬೇಡಿ. ನಿಮ್ಮ ಕಿವಿಗೆ ಆ ಸದ್ದು ಒಗ್ಗಿಹೋಗಿದೆ, ಮೈಕಿಗೆ ಒಗ್ಗಿಲ್ಲ.

ಟಿವಿ ಸ್ಕಿಟ್‌ನಲ್ಲಿ ಚೆನ್ನಾಗಿ ನಡೆಯಿತು. ಒಂದು ಸಿನಿಮಾದಲ್ಲಿ ಸಣ್ಣ ಪಾತ್ರ ಸಿಕ್ಕಿತು, ಅಲ್ಲಿ ನಿರ್ದೇಶಕರು ಪ್ರತಿ ಟೇಕಿಗೂ ‘ಜಾಸ್ತಿ ಆಯ್ತು’ ಎನ್ನುತ್ತಿದ್ದರು. (ಬದಿಯಡ್ಕ)

ವೇದಿಕೆಯಲ್ಲಿ ಕೊನೆಯ ಸಾಲಿನ ಕುರ್ಚಿಗೂ ನಿಮ್ಮ ಹುಬ್ಬು ಕಾಣಬೇಕು. ಕ್ಲೋಸಪ್ಪಿನಲ್ಲಿ ಅದೇ ಹುಬ್ಬು ಥಿಯೇಟರಿನ ಪರದೆಯಲ್ಲಿ ಮಾರುದ್ದ ಆಗುತ್ತದೆ. ಹಾಗಾಗಿ ಶಾಟ್‌ಗೆ ಮೊದಲು ‘ಫ್ರೇಮ್ ಎಲ್ಲಿಂದ ಎಲ್ಲಿಗೆ’ ಎಂದು ಕ್ಯಾಮೆರಾ ಸಹಾಯಕರನ್ನು ಕೇಳಿ. ಸೊಂಟದಿಂದ ಮೇಲೆ ಅಂದರೆ ಕೈ ಬಳಸಬಹುದು, ಬರೀ ಮುಖ ಅಂದರೆ ಕಣ್ಣು ಸಾಕು.

ಎರಡನೆಯದು ನಗುವಿಗೆ ಕಾಯುವ ಅಭ್ಯಾಸ. ಒಬ್ಬರೇ ನಿಂತು ಮಾತಾಡುವವರು ಪಂಚ್ ಹೇಳಿ ಎರಡು ಸೆಕೆಂಡು ನಿಲ್ಲುತ್ತಾರೆ, ಅದು ರಕ್ತದಲ್ಲೇ ಸೇರಿರುತ್ತದೆ. ಸೆಟ್ಟಿನಲ್ಲಿ ಯಾರೂ ನಗುವುದಿಲ್ಲ, ನಕ್ಕರೆ ಸ್ಥಳದಲ್ಲೇ ಹಿಡಿಯುವ ಧ್ವನಿ ಹಾಳಾಗುತ್ತದೆ. ಆ ಮೌನದಲ್ಲಿ ನಿಮ್ಮ ಎರಡು ಸೆಕೆಂಡು ‘ಡೈಲಾಗ್ ಮರೆತ’ ಹಾಗೆ ಕಾಣುತ್ತದೆ. ನಗು ಬರುತ್ತಿಲ್ಲವಲ್ಲ ಎಂದು ಗಾಬರಿಯಾಗಿ ಮುಂದಿನ ಟೇಕಿನಲ್ಲಿ ಸ್ವರ ಏರಿಸುತ್ತೀರಿ, ‘ಜಾಸ್ತಿ’ ಶುರುವಾಗುವುದು ಅಲ್ಲಿಂದ. ಎಷ್ಟು ಹೊತ್ತು ನಿಲ್ಲಬೇಕು ಎಂಬುದನ್ನು ಎಡಿಟರ್ ನೋಡಿಕೊಳ್ಳುತ್ತಾರೆ.

ಮೂರನೆಯದು ಚಹಾದ ಲೋಟ. ಮೊದಲು ಇಡೀ ದೃಶ್ಯವನ್ನು ದೂರದಿಂದ ತೆಗೆಯುತ್ತಾರೆ, ಆಮೇಲೆ ಅದನ್ನೇ ಹತ್ತಿರದಿಂದ, ನಿಮ್ಮ ಮೇಲೆ ಒಮ್ಮೆ, ಎದುರಿನವರ ಮೇಲೆ ಒಮ್ಮೆ. ದೂರದ ಶಾಟಿನಲ್ಲಿ ‘ಮದುವೆ’ ಎಂಬ ಪದಕ್ಕೆ ಬಲಗೈಯಲ್ಲಿ ಲೋಟ ಎತ್ತಿದ್ದರೆ ಉಳಿದ ಅಷ್ಟೂ ಟೇಕಿನಲ್ಲಿ ಅದೇ ಪದಕ್ಕೆ ಅದೇ ಕೈ. ವೇದಿಕೆಯಲ್ಲಿ ದಿನಕ್ಕೊಂದು ಹೊಸತು ಸೇರಿಸುವುದು ಗುಣ, ಇಲ್ಲಿ ಅದರಿಂದ ಒಂದು ಶಾಟು ಇನ್ನೊಂದಕ್ಕೆ ಕೂಡುವುದಿಲ್ಲ. ಎದುರಿನವರ ಮಾತು ಮುಗಿಯುವ ಮೊದಲು ನಿಮ್ಮದು ಶುರುವಾದರೂ ಎಡಿಟರಿಗೆ ಕತ್ತರಿಸಲು ಜಾಗ ಇರುವುದಿಲ್ಲ.

ಕೇಳಿಸಿಕೊಳ್ಳುವುದನ್ನು ಕಲಿಯಬೇಕಾದರೆ ಯಕ್ಷಗಾನದ ಹಾಸ್ಯಗಾರರನ್ನು ನೋಡಿ. ರಾಜನ ಪಾತ್ರಧಾರಿಯ ಬಾಯಿಯಿಂದ ಬಂದ ಪದವನ್ನೇ ಎತ್ತಿಕೊಂಡು ತಿರುಗಿಸುತ್ತಾರೆ, ತಮ್ಮದನ್ನು ಮೊದಲೇ ಕಟ್ಟಿಕೊಂಡು ಬಂದು ಹಾಕುವುದಿಲ್ಲ. ಒಂಟಿ ಮೈಕಿನವರಿಗೆ ಕಡಿಮೆ ಇರುವುದು ಇದೇ. ವೇಷದ ಅಬ್ಬರ ಮಾತ್ರ ಕ್ಯಾಮೆರಾಗೆ ತರಬೇಡಿ.

ನನ್ನ ಮಾತಿನಲ್ಲಿ ತುಳು, ಮಲಯಾಳ ಎರಡೂ ಬೆರೆಯುತ್ತವೆ. ಬೆಂಗಳೂರು ಕನ್ನಡ ಕಲಿಯಬೇಕೆ? (ಪೆರ್ಲ)

ಕಲಿತರೆ ನಷ್ಟವಿಲ್ಲ, ನಿಮ್ಮದನ್ನು ಬಿಟ್ಟರೆ ನಷ್ಟ. ಮಂಜೇಶ್ವರ ಗಡಿಯ ತೂಮಿನಾಡಿನಿಂದ ಬಂದ ಜೆ.ಪಿ. ತುಮಿನಾಡು ನಿರ್ದೇಶಿಸಿದ ‘ಸು ಫ್ರಂ ಸೋ’ 2025ರಲ್ಲಿ ಕರಾವಳಿಯ ಮಾತಿನಲ್ಲೇ ರಾಜ್ಯವಿಡೀ ಓಡಿತು. ನಟ ಪ್ರಕಾಶ್ ತೂಮಿನಾಡು ಅವರನ್ನು ಜನ ಗುರುತಿಸುವುದೂ ಆ ಮಾತಿನಿಂದಲೇ. ಅವರು ನಾಟಕದ ಹಿನ್ನೆಲೆಯವರು, ಆದರೆ ಭಾಷೆಯ ಮಟ್ಟಿಗೆ ಪಾಠ ಒಂದೇ.

ತೊಂದರೆ ಬರುವುದು ಉಚ್ಚಾರದಿಂದಲ್ಲ, ಸಂಗತಿಯಿಂದ. ‘ಕುಡುಂಬಶ್ರೀ’, ‘ವಿಲೇಜ್ ಆಫೀಸು’ ಅಂದರೆ ಕೊಪ್ಪಳದವರಿಗೆ ಚಿತ್ರ ಮೂಡುವುದಿಲ್ಲ. ಜೋಕಿನ ಮೊದಲ ಸಾಲಿನಲ್ಲೇ ಕುಡುಂಬಶ್ರೀಗೆ ‘ನಮ್ಮ ಕಡೆಯ ಮಹಿಳಾ ಸಂಘ’ ಎಂದು ಜಾರಿಸಿಬಿಡಿ, ಪಂಚ್ ಬಂದ ಮೇಲೆ ವಿವರಿಸಬೇಡಿ. ಹಾಗೆಯೇ ಪ್ರತಿ ವಾಕ್ಯಕ್ಕೂ ‘ಮಾರ್ರೆ’ ಅಂಟಿಸಿಕೊಡಿ ಎಂದು ಬರಹಗಾರರು ಕೇಳಿದರೆ ನಯವಾಗಿ ತಪ್ಪಿಸಿಕೊಳ್ಳಿ. ಹಾಗೆ ನಮ್ಮಲ್ಲಿ ಯಾರೂ ಮಾತಾಡುವುದಿಲ್ಲ. ಡಬ್ಬಿಂಗ್ ನಿಮ್ಮದೇ ಸ್ವರದಲ್ಲಿ ಎಂದು ಮೊದಲೇ ಬರೆಸಿಕೊಳ್ಳಿ.

ಚಾನೆಲ್ಲಿನವರು 14 ಪುಟದ ಕರಾರು ಕೊಟ್ಟಿದ್ದಾರೆ. ಏನು ನೋಡಬೇಕು? (ಮಂಜೇಶ್ವರ)

ನಾಲ್ಕು ಕಡೆ ಬೆರಳಿಟ್ಟು ಓದಿ. ಬೇರೆ ಚಾನೆಲ್ಲಿಗೆ ಹೋಗಬಾರದ ಅವಧಿ ಎಷ್ಟು, ಕಾರ್ಯಕ್ರಮ ಮುಗಿದ ಮೇಲೂ ಅದು ಉಂಟೋ? ಊರಿನ ವೇದಿಕೆಗೂ ಅನುಮತಿ ಬೇಕೋ? ಹಣ ಎಪಿಸೋಡಿಗೋ, ಶೂಟಿಂಗ್ ದಿನಕ್ಕೋ? ಎರಡು ಎಪಿಸೋಡನ್ನು ಒಂದೇ ದಿನ ತೆಗೆಯುವುದುಂಟು, ಹಾಗಾಗಿ ಈ ವ್ಯತ್ಯಾಸ ದೊಡ್ಡದು. ಕೊನೆಯದಾಗಿ, ನೀವು ಬರೆದ ಸಾಮಗ್ರಿಯ ಹಕ್ಕು ಯಾರಿಗೆ?

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕನ್ನು ವಹಿಸಿಕೊಡುವುದು ಬರಹದಲ್ಲೇ ಆಗಬೇಕು. ಅವಧಿ ಬರೆಯದಿದ್ದರೆ 5 ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತದ ಒಳಗೆ ಮಾತ್ರ ಎಂದೂ ಲೆಕ್ಕ. ಆದ್ದರಿಂದಲೇ ‘ಶಾಶ್ವತವಾಗಿ, ಜಗತ್ತಿನಾದ್ಯಂತ’ ಎಂದು ಸೇರಿಸಿರುತ್ತಾರೆ. ನೀವು ಹತ್ತು ವರ್ಷ ಕಟ್ಟಿದ ಅಜ್ಜಿಯ ಪಾತ್ರವನ್ನು ಹಾಗೆ ಬರೆದುಕೊಟ್ಟರೆ ನಾಳೆ ಅದೇ ಅಜ್ಜಿಯನ್ನು ವೇದಿಕೆಗೆ ತರಲು ಅವರ ಒಪ್ಪಿಗೆ ಬೇಕಾಗಬಹುದು. ಹಳೆಯ ಪಾತ್ರಗಳ ಪಟ್ಟಿ ಮಾಡಿ ‘ಇವು ಹೊರತು’ ಎಂದು ಸೇರಿಸಲು ಕೇಳಿ. ಬರೀ ಐಡಿಯಾಕ್ಕೆ ರಕ್ಷಣೆ ಇಲ್ಲ, ಬರೆದ ರೂಪಕ್ಕೆ ಉಂಟು. ಬರೆದದ್ದನ್ನು ತಾರೀಕು ಸಹಿತ ನಿಮಗೇ ಇಮೇಲ್ ಮಾಡಿಟ್ಟುಕೊಂಡರೆ ಆಮೇಲೆ ತೋರಿಸಲು ಒಂದು ಆಧಾರ. ಸಂಭಾವನೆ ಕೊಡುವಾಗಲೇ ಶೇ. 10 ತೆರಿಗೆ (ಟಿಡಿಎಸ್) ಕಡಿತವಾಗಿದ್ದರೆ ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸಿ. ನಿಮ್ಮ ತೆರಿಗೆ ಅದಕ್ಕಿಂತ ಕಡಿಮೆ ಇದ್ದರೆ ಹೆಚ್ಚಿನದು ವಾಪಸು ಬರುತ್ತದೆ.

ಟಿವಿ ಸ್ಪರ್ಧೆ ಗೆದ್ದರೆ ಸಿನಿಮಾ ಖಂಡಿತವೇ? (ಉಪ್ಪಳ)

ಇಲ್ಲ. ಕಪಿಲ್ ಶರ್ಮಾ ‘ದ ಗ್ರೇಟ್ ಇಂಡಿಯನ್ ಲಾಫ್ಟರ್ ಚಾಲೆಂಜ್’ ಗೆದ್ದದ್ದು 2007ರಲ್ಲಿ, ಸ್ವಂತ ಶೋ ಬಂದದ್ದು 2013ರಲ್ಲಿ, ನಾಯಕನಾದ ಮೊದಲ ಸಿನಿಮಾ 2015ರಲ್ಲಿ. ತಮಿಳಿನ ಶಿವಕಾರ್ತಿಕೇಯನ್ ಕೂಡ ವಿಜಯ್ ಟಿವಿಯ ಸ್ಪರ್ಧೆ ಗೆದ್ದ ಮೇಲೆ ನಿರೂಪಕರಾಗಿ ದುಡಿದು 2012ರಲ್ಲಿ ‘ಮರೀನಾ’ಕ್ಕೆ ಬಂದವರು. ನಡುವಿನ ಆ ವರ್ಷಗಳಲ್ಲಿ ನಿರೂಪಣೆ, ಅತಿಥಿ ಪಾತ್ರ, ಕಂಪನಿ ಕಾರ್ಯಕ್ರಮಗಳೇ ಅನ್ನ. ಟಿವಿ ಸಾಮಗ್ರಿಯನ್ನು ತಿನ್ನುವ ವೇಗವೂ ಗೊತ್ತಿರಲಿ: ಜಾತ್ರೆಯಲ್ಲಿ ಎರಡು ವರ್ಷ ಓಡುವ ಐದು ನಿಮಿಷ ಟಿವಿಯಲ್ಲಿ ಒಂದೇ ರಾತ್ರಿಗೆ ಮುಗಿಯುತ್ತದೆ. ಒಳ್ಳೆಯದನ್ನೆಲ್ಲ ಮೊದಲ ತಿಂಗಳಲ್ಲೇ ಸುರಿಯಬೇಡಿ.

ನಗಿಸುವವರಿಗೆ ಗಂಭೀರ ಪಾತ್ರ ಹೇಗೆ ಒಗ್ಗುತ್ತದೆ? (ಮುಳ್ಳೇರಿಯ)

ಮಲಯಾಳ ಸಿನಿಮಾವನ್ನು ನೋಡಿ. ಕೊಚ್ಚಿನ್ ಕಲಾಭವನ ತಂಡದ ಮಿಮಿಕ್ರಿಯಿಂದ ಬಂದ ಜಯರಾಮ್ 1988ರ ‘ಅಪರನ್’ನಲ್ಲಿ ನಾಯಕರಾದರು. ಸಲೀಂ ಕುಮಾರ್, ಸುರಾಜ್ ವೆಂಜಾರಮೂಡ್ ಇಬ್ಬರೂ ಮಿಮಿಕ್ರಿಯವರು, ಇಬ್ಬರಿಗೂ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಬಂದದ್ದು ಗಂಭೀರ ಪಾತ್ರಗಳಿಗೆ. ಮಿಮಿಕ್ರಿಯವರು ಸ್ವರಕ್ಕಿಂತ ಮೊದಲು ಉಸಿರನ್ನು ನಕಲು ಮಾಡುತ್ತಾರೆ: ಯಾರು ಎಲ್ಲಿ ಉಸಿರು ಎಳೆಯುತ್ತಾರೆ, ಎಲ್ಲಿ ತಡೆಯುತ್ತಾರೆ ಎಂದು. ದುಃಖದ ದೃಶ್ಯಕ್ಕೆ ಬೇಕಾದ್ದೂ ಅದೇ.

ಮಗನಿಗೆ ಸಿನಿಮಾದಲ್ಲಿ ಹಾಸ್ಯಪಾತ್ರ ಕೊಡಿಸುತ್ತೇನೆಂದು ‘ಕೋಆರ್ಡಿನೇಟರ್’ ಒಬ್ಬರು 15,000 ರೂಪಾಯಿ ಕೇಳುತ್ತಿದ್ದಾರೆ. ಕೊಡಬಹುದೇ? (ನೀರ್ಚಾಲಿನ ತಾಯಿ)

ಕೊಡಬೇಡಿ ಅಮ್ಮ. ಆಡಿಷನ್ನಿಗೆ, ‘ರಿಜಿಸ್ಟ್ರೇಶನ್’ಗೆ, ‘ಪೋರ್ಟ್‌ಫೋಲಿಯೊ’ಗೆ ಹಣ ಕೇಳುವವರ ಕೈಯಲ್ಲಿ ಪಾತ್ರ ಇರುವುದಿಲ್ಲ. ನಿಜವಾದ ಮಧ್ಯವರ್ತಿಗಳು ಕೆಲಸ ಸಿಕ್ಕಿದ ಮೇಲೆ ಸಂಭಾವನೆಯಲ್ಲಿ ಪಾಲು ತೆಗೆದುಕೊಳ್ಳುತ್ತಾರೆ. ನಿರ್ಮಾಣ ಸಂಸ್ಥೆಯ ಹೆಸರು ಕೇಳಿ, ಅವರ ಕಚೇರಿಗೆ ನೀವೇ ಫೋನ್ ಮಾಡಿ ವಿಚಾರಿಸಿ. ಹಣ ಖರ್ಚು ಮಾಡಲೇಬೇಕೆಂದಿದ್ದರೆ ಒಳ್ಳೆಯ ಕಾಲರ್ ಮೈಕು ಕೊಡಿಸಿ, ಉಳಿದದ್ದರಲ್ಲಿ ಕಣ್ಣೂರು–ಬೆಂಗಳೂರು ರಾತ್ರಿ ರೈಲಿಗೆ ಕಾಸರಗೋಡಿನಿಂದ ಹತ್ತಿಸಿ ಹೊಸಬರಿಗೂ ಮೈಕು ಕೊಡುವ ನಾಲ್ಕು ‘ಓಪನ್ ಮೈಕ್’ ಕಾರ್ಯಕ್ರಮಗಳಿಗೆ ಕಳಿಸಿಕೊಡಿ.