ಸ್ವೀಡನ್‌ನಲ್ಲಿ ವರಮಾನದ ಅಂತರ ಕಡಿಮೆ, ಆಸ್ತಿಯ ಅಂತರ ಮಾತ್ರ ಯಾಕೆ ಅಷ್ಟು ದೊಡ್ಡದು?

ಸ್ವೀಡನ್ ಸಮಾಜವಾದಿ ದೇಶ ಎಂದು ಹಲವರು ತಿಳಿದಿದ್ದಾರೆ, ಆದರೆ ಅದು ಹಾಗೇನಲ್ಲ. ಬಂಡವಾಳಶಾಹಿ ಮಾರುಕಟ್ಟೆಯನ್ನು ಉಳಿಸಿಕೊಂಡೇ ದೊಡ್ಡ ಕಲ್ಯಾಣ ವ್ಯವಸ್ಥೆ ಕಟ್ಟಿದ ದೇಶ. ಆ ವ್ಯವಸ್ಥೆ ತಗ್ಗಿಸುವುದು ವರಮಾನದ ಅಂತರವನ್ನು; ಆಸ್ತಿಯನ್ನು ಅದು ಹೆಚ್ಚು ಮುಟ್ಟುವುದಿಲ್ಲ.

ಗುಟ್ಟು ಇರುವುದು ಉಳಿತಾಯದಲ್ಲಿ. ಪಿಂಚಣಿ, ಆಸ್ಪತ್ರೆ, ಮಕ್ಕಳ ಓದು, ಎಲ್ಲದರ ಬಹುಪಾಲು ಖರ್ಚನ್ನು ಸರ್ಕಾರವೇ ಹೊರುವಾಗ ಸಾಧಾರಣ ಸಂಬಳದವರು ಕಷ್ಟಕಾಲಕ್ಕೆಂದು ಕೂಡಿಡುವ ಅಗತ್ಯ ಕಡಿಮೆ. ಜೊತೆಗೆ ಮನೆಸಾಲ ಬೇರೆ. ಆಸ್ತಿ ಎಂದರೆ ಇರುವುದರಲ್ಲಿ ಸಾಲ ಕಳೆದು ಉಳಿಯುವುದು ತಾನೆ? ಹಾಗಾಗಿ ನೆಮ್ಮದಿಯಾಗಿ ಬದುಕುವ ಎಷ್ಟೋ ಮನೆಗಳ ಲೆಕ್ಕ ಸೊನ್ನೆಯ ಆಸುಪಾಸಿಗೆ ಬಂದು ನಿಲ್ಲುತ್ತದೆ. ಸರ್ಕಾರಿ ಪಿಂಚಣಿಯ ಹಕ್ಕನ್ನು ಈ ಲೆಕ್ಕಕ್ಕೆ ಸಾಮಾನ್ಯವಾಗಿ ಸೇರಿಸುವುದೇ ಇಲ್ಲ. ಸೇರಿಸಿದರೆ ಅಂತರ ಒಂದಷ್ಟು ಕುಗ್ಗುತ್ತದೆ.

ಮೇಲಿನ ತುದಿಯ ಕಥೆ ಬೇರೆ. ಉತ್ತರಾಧಿಕಾರ ತೆರಿಗೆ 2004ರ ಕೊನೆಗೆ ಹೋಯಿತು (ತೆಗೆದದ್ದು ಎಡಪಂಥೀಯ ಪಕ್ಷವಾದ ಸೋಶಿಯಲ್ ಡೆಮಾಕ್ರಟರ ಸರ್ಕಾರವೇ!), ಸಂಪತ್ತಿನ ತೆರಿಗೆ 2007ರಲ್ಲಿ. ದೊಡ್ಡ ಷೇರುದಾರರ ಷೇರುಗಳ ಬೆಲೆ ಏರಿದಾಗ, ಮಾರದಿರುವವರೆಗೆ ಆ ಲಾಭ ವರಮಾನದ ಅಂಕಿಅಂಶಗಳಲ್ಲಿ ಕಾಣುವುದಿಲ್ಲ, ಆಸ್ತಿಯ ಪಟ್ಟಿಯಲ್ಲಿ ಮಾತ್ರ ಬೆಳೆಯುತ್ತಾ ಹೋಗುತ್ತದೆ.