ಅಮೆಂಡ್ ಮಾಡಿದರೂ ಹ್ಯಾಶ್ ಯಾಕೆ ಬದಲಾಗಲಿಲ್ಲ?

ಈ ಸಲ ಆರಿಸಿಕೊಂಡ ಮೂರೂ ಪ್ರಶ್ನೆಗಳು ಗಿಟ್‌ನ ಒಂದೇ ಕಮಾಂಡ್ ಬಗ್ಗೆ ಇವೆ: ‘ಗಿಟ್ ಕಮಿಟ್ --ಅಮೆಂಡ್’. ಗಿಟ್ ಅಂದರೆ ಫೈಲುಗಳಲ್ಲಿ ಆದ ಬದಲಾವಣೆಗಳ ಇತಿಹಾಸ ಇಡುವ ಸಾಫ್ಟ್‌ವೇರ್. ಆ ಇತಿಹಾಸದ ಒಂದೊಂದು ದಾಖಲೆಯೇ ಕಮಿಟ್, ಅದರ ಗುರುತಿನ ಸಂಖ್ಯೆ ಹ್ಯಾಶ್, ಕೊನೇ ಕಮಿಟ್ ತಿದ್ದುವುದು ಅಮೆಂಡ್.

ಪ್ರಶ್ನೆ: ಸರ್, ನಾವು ತುಮಕೂರಿನಲ್ಲಿ ಇಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದೇವೆ. ಪ್ರಾಜೆಕ್ಟಿಗೆ ಅಂತ ಗಿಟ್ ಮೇಲೆ ಕೆಲಸ ಮಾಡುವ ಚಿಕ್ಕ ಟೂಲ್ ಬರೆದಿದ್ದೇವೆ. ಕೊನೇ ಕಮಿಟ್ ತಿದ್ದುವ ಬಟನ್ ಒಂದು ಅದರಲ್ಲಿದೆ. ಟೆಸ್ಟ್ ತುಂಬಾ ಸರಳ: ಒಂದು ಕಮಿಟ್ ಮಾಡು, ಏನೂ ಬದಲಿಸದೆ ‘--ನೋ-ಎಡಿಟ್’ (ಮೆಸೇಜ್ ಹಾಗೇ ಬಿಡುವ ಆಯ್ಕೆ) ಹಾಕಿ ಅಮೆಂಡ್ ಮಾಡು, ಹ್ಯಾಶ್ ಬೇರೆ ಆಗಿದೆಯಾ ನೋಡು. ಲ್ಯಾಬಿನ ಹಳೇ ಕಂಪ್ಯೂಟರಿನಲ್ಲಿ ಹೆಚ್ಚಾಗಿ ಪಾಸ್ ಆಗುತ್ತದೆ. ನನ್ನ ಹೊಸ ಲ್ಯಾಪ್‌ಟಾಪಿನಲ್ಲಿ ಮಾತ್ರ ಪದೇ ಪದೇ ಫೇಲ್. ಇದು ಗಿಟ್‌ನ ಬಗ್ ಅಲ್ವಾ?
— ಕ್ಯಾತ್ಸಂದ್ರದ ಓದುಗ

ಉತ್ತರ: ಬಗ್ ಅಲ್ಲ. ನಿಮ್ಮ ಲ್ಯಾಪ್‌ಟಾಪ್ ಬೇಗ ಕೆಲಸ ಮುಗಿಸುತ್ತಿದೆ, ಅದೇ ಕಾರಣ.

ಒಂದು ಕಮಿಟ್ ಬಿಚ್ಚಿ ನೋಡಿ. ‘ಗಿಟ್ ಕ್ಯಾಟ್-ಫೈಲ್ -ಪಿ ಹೆಡ್’ ಅಂತ ಕೊಟ್ಟರೆ ಕೆಲವೇ ಸಾಲು ಕಾಣುತ್ತವೆ. ಫೈಲುಗಳ ಸ್ಥಿತಿ ಹೇಳುವ ಟ್ರೀ, ಹಿಂದಿನ ಕಮಿಟ್ ಯಾವುದು ಅನ್ನುವ ಪೇರೆಂಟ್, ಬರೆದವರ ಹೆಸರು ಮತ್ತು ಸಮಯ, ಕಮಿಟ್ ಮಾಡಿದವರ ಹೆಸರು ಮತ್ತು ಸಮಯ, ಆಮೇಲೆ ಏನು ಬದಲಿಸಿದೆವು ಅಂತ ಬರೆದ ಮೆಸೇಜ್. ಇಷ್ಟನ್ನೂ ಸೇರಿಸಿ ಲೆಕ್ಕ ಹಾಕಿದ್ದೇ ಆ 40 ಅಕ್ಷರದ ಹ್ಯಾಶ್. ಅಮೆಂಡ್ ಅಂದರೆ ಇದ್ದ ಕಮಿಟ್‌ನ ಒಳಗೆ ಕೈ ಹಾಕಿ ತಿದ್ದುವುದಲ್ಲ. ಅದೇ ಪೇರೆಂಟ್ ಇಟ್ಟುಕೊಂಡು ಹೊಸ ಕಮಿಟ್ ಮಾಡಿ, ಬ್ರಾಂಚನ್ನು, ಅಂದರೆ ಕಮಿಟ್‌ಗಳ ಸಾಲಿನ ತುದಿ ತೋರಿಸುವ ಹೆಸರನ್ನು, ಅದರ ಕಡೆಗೆ ತಿರುಗಿಸುವುದು.

ನೀವು ಫೈಲ್ ಬದಲಿಸಿಲ್ಲ, ಮೆಸೇಜ್ ಮುಟ್ಟಿಲ್ಲ. ಬರೆದವರ ಸಮಯವನ್ನು ಅಮೆಂಡ್ ಹಾಗೇ ಉಳಿಸುತ್ತದೆ. ಇನ್ನು ಬದಲಾಗಬಹುದಾದದ್ದು ಕಮಿಟ್ ಮಾಡಿದ ಸಮಯ ಒಂದೇ, ಅದನ್ನೂ ಗಿಟ್ ಸೆಕೆಂಡಿನ ಲೆಕ್ಕದಲ್ಲಿ ಬರೆಯುತ್ತದೆಯೇ ಹೊರತು ಅದಕ್ಕಿಂತ ಸಣ್ಣದಾಗಿ ಅಲ್ಲ. ಎರಡೂ ಕೆಲಸ ಒಂದೇ ಸೆಕೆಂಡಿನೊಳಗೆ ಮುಗಿದರೆ ಎಲ್ಲ ಸಾಲೂ ಒಂದೇ, ಹಾಗಾಗಿ ಹ್ಯಾಶ್ ಕೂಡ ಒಂದೇ. ಲ್ಯಾಬಿನ ಕಂಪ್ಯೂಟರ್ ನಿಧಾನ, ನಡುವೆ ಸೆಕೆಂಡ್ ದಾಟಿಬಿಡುತ್ತದೆ, ಟೆಸ್ಟ್ ಪಾಸ್.

ಸುಮ್ನೆ ನಡುವೆ ಒಂದು ಸೆಕೆಂಡ್ ಕಾಯುವ ‘ಸ್ಲೀಪ್ 1’ ಹಾಕಿ ಅಂತ ಯಾರಾದರೂ ಹೇಳುತ್ತಾರೆ. ಕೆಲಸ ನಡೆಯುತ್ತದೆ, ಆದರೆ ಇಂಥ ನೂರು ಟೆಸ್ಟ್ ಆದ ಮೇಲೆ ಕಾಯುವುದೇ ಕೆಲಸವಾಗುತ್ತದೆ. ಗಡಿಯಾರವನ್ನೇ ನಿಮ್ಮ ಕೈಗೆ ತೆಗೆದುಕೊಳ್ಳಿ. ‘ಗಿಟ್_ಆಥರ್_ಡೇಟ್’, ‘ಗಿಟ್_ಕಮಿಟರ್_ಡೇಟ್’ ಅನ್ನುವ ಎರಡು ಎನ್ವಿರಾನ್‌ಮೆಂಟ್ ವೇರಿಯಬಲ್ ಇವೆ, ಎಲ್ಲ ಇಂಗ್ಲಿಷ್ ದೊಡ್ಡಕ್ಷರದಲ್ಲಿ ಬರೆಯಬೇಕು. ಅಮೆಂಡ್‌ಗೆ ಮುಂಚೆ ಎರಡನೆಯದರಲ್ಲಿ ಬೇರೆ ಸಮಯ ಕೊಟ್ಟರೆ ಕಮಿಟ್ ಮಾಡಿದ ಸಮಯ ಬದಲಾಗುತ್ತದೆ. ಗಿಟ್ ತಂಡದವರ ಟೆಸ್ಟುಗಳೂ ಹೀಗೇ ಮಾಡುತ್ತವೆ. ಅಲ್ಲಿ ‘ಟೆಸ್ಟ್_ಟಿಕ್’ ಅನ್ನುವ ಫಂಕ್ಷನ್ ಇದೆ. ಅದು 1112911993 ಅನ್ನುವ ಸಂಖ್ಯೆಯಿಂದ ಶುರುವಾಗಿ, ಪ್ರತಿ ಸಲ ಕರೆದಾಗ ಸಮಯವನ್ನು 60 ಸೆಕೆಂಡ್ ಮುಂದಕ್ಕೆ ತಳ್ಳುತ್ತದೆ. 1970ರ ಆರಂಭದಿಂದ ಸೆಕೆಂಡುಗಳಲ್ಲಿ ಎಣಿಸಿದರೆ ಆ ಸಂಖ್ಯೆ 2005ರ ಏಪ್ರಿಲ್ 7ರ ಒಂದು ಕ್ಷಣ, ಗಿಟ್ ಸೃಷ್ಟಿಸಿದ ಲಿನಸ್ ಟೊರ್ವಾಲ್ಡ್ಸ್ ಗಿಟ್‌ನ ಮೊದಲ ಕಮಿಟ್ ಮಾಡಿದ ಸಮಯ. ನನಗೆ ಇದು ಬಹಳ ಇಷ್ಟವಾದ ವಿಷಯ.

ಇನ್ನೊಂದು ಮಾತು. ‘ಹ್ಯಾಶ್ ಬದಲಾಯಿತಾ’ ಅನ್ನುವುದು ದುರ್ಬಲ ಟೆಸ್ಟ್. ತಪ್ಪು ಪೇರೆಂಟ್ ಇಟ್ಟರೂ ಹ್ಯಾಶ್ ಬದಲಾಗುತ್ತದೆ, ಫೈಲ್ ಕಳೆದುಹೋದರೂ ಬದಲಾಗುತ್ತದೆ! ಏನು ಬದಲಾಗಬಾರದು ಅನ್ನುವುದನ್ನು ಪರೀಕ್ಷಿಸಿ. ಮೆಸೇಜ್ ಮಾತ್ರ ತಿದ್ದಿದರೆ ಟ್ರೀ ಹಳೆಯದೇ ಇರಬೇಕು. ಎರಡು ಬ್ರಾಂಚ್ ಸೇರಿಸಿದ ಮರ್ಜ್ ಕಮಿಟ್ ತಿದ್ದಿದರೆ ಎರಡೂ ಪೇರೆಂಟ್ ಉಳಿಯಬೇಕು. ರೆಪೊದ (ಗಿಟ್ ನೋಡಿಕೊಳ್ಳುವ ಫೋಲ್ಡರಿನ) ಮೊಟ್ಟಮೊದಲ ಕಮಿಟ್ ತಿದ್ದಿದರೆ ಪೇರೆಂಟ್ ಇರಲೇಬಾರದು. ಗಿಟ್ ಒಪ್ಪದ ಸಂದರ್ಭಗಳನ್ನೂ ಬಿಡಬೇಡಿ: ಒಂದೂ ಕಮಿಟ್ ಇಲ್ಲದ ರೆಪೊದಲ್ಲಿ, ಮರ್ಜ್ ಅರ್ಧಕ್ಕೆ ನಿಂತಿರುವಾಗ, ತಿದ್ದಿದ ಮೇಲೆ ಕಮಿಟ್ ಖಾಲಿಯಾಗುವ ಹಾಗಿದ್ದರೆ, ಈ ಮೂರೂ ಕಡೆ ಅದು ಎರರ್ ಕೊಡುತ್ತದೆ, ನಿಮ್ಮ ಬಟನ್ ಆ ಎರರನ್ನು ನುಂಗಿಹಾಕಬಾರದು. ಮತ್ತೆ, ಸ್ಟೇಜ್ ಮಾಡಿ (ಮುಂದಿನ ಕಮಿಟ್‌ಗೆ ಎತ್ತಿಟ್ಟು) ಮರೆತ ಫೈಲ್ ಇದ್ದರೆ ಅಮೆಂಡ್ ಅದನ್ನೂ ಒಳಗೆ ಸೇರಿಸಿಕೊಳ್ಳುತ್ತದೆ. ಬರೀ ಮೆಸೇಜ್ ತಿದ್ದಬೇಕಿದ್ದರೆ ಜೊತೆಗೆ ‘--ಓನ್ಲಿ’ ಕೊಡಿ.

ಪ್ರಶ್ನೆ: ಕೋಲಾರ ಎಪಿಎಂಸಿಯ ಟೊಮೆಟೊ ದರ ದಿನಾ ಬರೆದಿಡುವ ರೆಪೊವನ್ನು ನಾನು, ನನ್ನ ಸ್ನೇಹಿತ ಸೇರಿ ನೋಡಿಕೊಳ್ಳುತ್ತೇವೆ. ಅವನ ಕಮಿಟ್‌ನಲ್ಲಿ 15 ಕೆಜಿ ಬಾಕ್ಸಿನ ದರ ತಪ್ಪಿತ್ತು, ನಾನು ಅಮೆಂಡ್ ಮಾಡಿದೆ. ಲಾಗ್‌ನಲ್ಲಿ ಇನ್ನೂ ಅವನ ಹೆಸರು, ಅವನ ತಾರೀಖೇ ಇದೆ. ನನ್ನ ತಿದ್ದುಪಡಿ ಸೇರಿಲ್ವಾ?
— ಕೋಲಾರದ ಓದುಗಿ

ಉತ್ತರ: ಸೇರಿದೆ. ‘ಗಿಟ್ ಲಾಗ್’ ಸಾಮಾನ್ಯವಾಗಿ ಬರೆದವರ ಹೆಸರನ್ನಷ್ಟೇ ತೋರಿಸುತ್ತದೆ. ‘--ಫಾರ್ಮ್ಯಾಟ್=ಫುಲ್ಲರ್’ ಹಾಕಿ ನೋಡಿ, ಕೆಳಗೆ ಕಮಿಟ್ ಮಾಡಿದವರಾಗಿ ನಿಮ್ಮ ಹೆಸರು, ನಿಮ್ಮ ಸಮಯ ಸಿಗುತ್ತದೆ. ‘--ರೀಸೆಟ್-ಆಥರ್’ ಕೊಟ್ಟರೆ ಎರಡೂ ಕಡೆ ನಿಮ್ಮದೇ ಬರುತ್ತದೆ. ಆದರೆ ಕೊಡಬೇಡಿ ಅನ್ನುತ್ತೇನೆ. ಒಂದು ಅಂಕಿ ತಿದ್ದಿದ್ದಕ್ಕೆ ದಿನದ ದರವೆಲ್ಲ ಕೂತು ಬರೆದವನ ಹೆಸರು ಅಳಿಸುವುದು ಸರಿಯಲ್ಲ.

ಪ್ರಶ್ನೆ: ಅಮೆಂಡ್ ಮಾಡಿ ಪುಶ್ ಮಾಡಿದರೆ (ಸರ್ವರಿಗೆ ಕಳಿಸಿದರೆ) ಸರ್ವರ್ ಬೇಡ ಅನ್ನುತ್ತದೆ. ‘--ಫೋರ್ಸ್’ ಹಾಕು ಅಂತ ಆಫೀಸಿನಲ್ಲಿ ಹೇಳಿದರು. ಹಾಕಲಾ?
— ಚಿಂತಾಮಣಿಯ ಓದುಗ

ಉತ್ತರ: ಹಾಕಬೇಡಿ. ಸರ್ವರಿನಲ್ಲಿ ಇರುವುದು ಹಳೇ ಕಮಿಟ್, ನಿಮ್ಮ ಹತ್ತಿರ ಇರುವುದು ಅದರ ಪಕ್ಕದ ಹೊಸದು, ಅದಕ್ಕೇ ತಕರಾರು. ಈ ನಡುವೆ ಬೇರೆಯವರು ಅಲ್ಲಿಗೆ ಏನಾದರೂ ಪುಶ್ ಮಾಡಿದ್ದರೆ ‘--ಫೋರ್ಸ್’ ಅದನ್ನೂ ಬ್ರಾಂಚಿನಿಂದ ಕಿತ್ತುಹಾಕುತ್ತದೆ. ಆ ಬ್ರಾಂಚ್ ನಿಮ್ಮೊಬ್ಬರದೇ ಆಗಿದ್ದರೆ ‘--ಫೋರ್ಸ್-ವಿತ್-ಲೀಸ್’ ಬಳಸಿ, ನೀವು ಕೊನೇ ಸಲ ನೋಡಿದ್ದೇ ಸರ್ವರಿನಲ್ಲಿ ಇದ್ದರೆ ಮಾತ್ರ ಅದು ಒಪ್ಪುತ್ತದೆ. ಎಲ್ಲರೂ ಬಳಸುವ ಬ್ರಾಂಚ್ ಆದರೆ ಅಮೆಂಡ್ ಸಹವಾಸವೇ ಬೇಡ, ಇನ್ನೊಂದು ಕಮಿಟ್ ಮಾಡಿ.

ನಂಬಿಕೆ ಬರಲು ನೀವೇ ಪರೀಕ್ಷಿಸಿ, ಇಂಟರ್ನೆಟ್ ಕೂಡ ಬೇಕಿಲ್ಲ. ಒಂದು ಖಾಲಿ ಫೋಲ್ಡರಿನಲ್ಲಿ ‘ಗಿಟ್ ಇನಿಟ್ --ಬೇರ್’ ಮಾಡಿ, ಅದೇ ನಿಮ್ಮ ಸರ್ವರ್. ಅದನ್ನು ಎರಡು ಕಡೆ ಕ್ಲೋನ್ (ನಕಲು) ಮಾಡಿ. ಮೊದಲನೆಯದರಲ್ಲಿ ಕಮಿಟ್ ಮಾಡಿ ಪುಶ್ ಮಾಡಿ, ಎರಡನೆಯದರಲ್ಲಿ ಅದನ್ನು ಪುಲ್ ಮಾಡಿ (ಸರ್ವರಿನಿಂದ ತಂದು) ಇನ್ನೊಂದು ಕಮಿಟ್ ಸೇರಿಸಿ ಪುಶ್ ಮಾಡಿ. ಈಗ ಮೊದಲನೆಯದಕ್ಕೆ ಬಂದು ಅಮೆಂಡ್ ಮಾಡಿ, ‘--ಫೋರ್ಸ್-ವಿತ್-ಲೀಸ್’ ಹಾಕಿ ಪುಶ್ ಮಾಡಿದರೆ ‘ಸ್ಟೇಲ್ ಇನ್ಫೊ’ (ಹಳೇ ಮಾಹಿತಿ) ಅಂತ ತಿರಸ್ಕಾರ ಬರುತ್ತದೆ. ಅದೇ ಬರಬೇಕಾದದ್ದು. ಇನ್ನೊಂದು ಸಲ ಇದನ್ನೇ ಮಾಡಿ, ಆದರೆ ಪುಶ್‌ಗೆ ಮುಂಚೆ ಸರ್ವರಿನ ಹೊಸ ಮಾಹಿತಿ ತರುವ ‘ಗಿಟ್ ಫೆಚ್’ ಕೊಡಿ. ಈ ಸಲ ಪುಶ್ ಒಳಗೆ ಹೋಗುತ್ತದೆ, ಎರಡನೆಯವರ ಕಮಿಟ್ ಬ್ರಾಂಚಿನಲ್ಲಿ ಇರುವುದಿಲ್ಲ. ಫೆಚ್ ಮಾಡಿದ್ದರಿಂದ ‘ಸರ್ವರಿನಲ್ಲಿರುವುದನ್ನು ಇವರು ನೋಡಿದ್ದಾರೆ’ ಅಂತ ಗಿಟ್ ತಿಳಿದುಕೊಂಡಿತು. ಎಷ್ಟೋ ಎಡಿಟರುಗಳಲ್ಲಿ ತಾನಾಗೇ ಫೆಚ್ ಮಾಡುವ ಸೆಟ್ಟಿಂಗ್ ಇರುತ್ತದೆ, ಅದನ್ನು ಇವತ್ತೇ ನೋಡಿಕೊಳ್ಳಿ.

ಕೈತಪ್ಪಿ ಏನಾದರೂ ಹೋದರೆ ಗಾಬರಿ ಬೇಡ. ಅಮೆಂಡ್‌ಗೆ ಮುಂಚಿನ ನಿಮ್ಮ ಹಳೇ ಕಮಿಟ್ ‘ಗಿಟ್ ರೆಫ್‌ಲಾಗ್’ನಲ್ಲಿ ಸಿಗುತ್ತದೆ. ಸೆಟ್ಟಿಂಗ್ ಬದಲಿಸದಿದ್ದರೆ ಇಂಥ ಬಿಟ್ಟುಹೋದ ಕಮಿಟ್‌ಗಳ ದಾಖಲೆ ಕನಿಷ್ಠ 30 ದಿನ ಇರುತ್ತದೆ. ಆದರೆ ಅದು ಇರುವುದು ನಿಮ್ಮ ಕಂಪ್ಯೂಟರಿನಲ್ಲಿ ಮಾತ್ರ, ಕ್ಲೋನ್ ಮಾಡಿದವರಿಗೆ ಆ ದಾಖಲೆ ಬರುವುದಿಲ್ಲ.