ಕಥೆ ಹೇಳುವುದಿಲ್ಲ, ನೋಡಬಹುದಾ ಇಲ್ಲವಾ ಅಷ್ಟೇ ಹೇಳುತ್ತೇನೆ

ಇತ್ತೀಚೆಗೆ ಬಂದ ಸೂಪರ್‌ಹೀರೊ ಮತ್ತು ಹಾರರ್ ಸಿನಿಮಾಗಳಲ್ಲಿ ಯಾವುದು ನೋಡಬಹುದು, ಆದರೆ ಕಥೆ ಮಾತ್ರ ಬಿಟ್ಟುಕೊಡಬೇಡಿ ಅಂತ ಕೇಳಿದ್ದೀರಿ. ನಿಮ್ಮ ಎರಡನೇ ಮಾತಿನ ಕಷ್ಟ ನನಗೆ ಚೆನ್ನಾಗಿ ಗೊತ್ತು. ‘ವೆಪನ್ಸ್’ ನೋಡಲು ಕಾರವಾರದಿಂದ ರೈಲು ಹತ್ತಿ ಮಡಗಾಂವ್‌ಗೆ ಹೋಗಿದ್ದೆ. ಇಂಟರ್‌ವಲ್‌ನಲ್ಲಿ ಪಾಪ್‌ಕಾರ್ನ್ ಸಾಲಲ್ಲಿ ನನ್ನ ಮುಂದೆ ನಿಂತಿದ್ದ ಹುಡುಗ ಫೋನಿನಲ್ಲಿ ಯಾರಿಗೋ ಪೂರ್ತಿ ಕ್ಲೈಮ್ಯಾಕ್ಸ್ ವಿವರಿಸುತ್ತಿದ್ದ. ಎರಡನೇ ಸಲ ನೋಡುತ್ತಿದ್ದಾನಂತೆ, ಪುಣ್ಯಾತ್ಮ. ಟಿಕೆಟ್ಟು, ರೈಲು, ಒಂದು ದಿನದ ರಜೆ ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ಅಂದುಕೊಂಡೆ.

ಹಾಗಾಗಲಿಲ್ಲ. ಗೊತ್ತಿದ್ದೂ ಹೆದರಿದೆ. ಅದಕ್ಕೇ ಅದನ್ನೇ ಮೊದಲು ಹೇಳುತ್ತಿದ್ದೇನೆ.

ಅದಕ್ಕೂ ಮುಂಚೆ ನನ್ನ ಅಳತೆಗೋಲು ಏನು ಅಂತ ಹೇಳಿಬಿಡುತ್ತೇನೆ. ನನ್ನ ಊರು ಶಿರಸಿ ಕಡೆ, ಯಕ್ಷಗಾನ ನೋಡುತ್ತಾ ಬೆಳೆದವನು. ಬಣ್ಣದ ವೇಷ, ಅಂದರೆ ರಾಕ್ಷಸನ ಪಾತ್ರ, ಬರುವಾಗ ಇಬ್ಬರು ತೆರೆ ಹಿಡಿದು ನಿಲ್ಲುತ್ತಾರಲ್ಲ, ಹಿಂದಿನಿಂದ ಆರ್ಭಟ ಕೇಳುತ್ತದೆ, ಚಂಡೆ ಏರುತ್ತದೆ, ಕಿರೀಟದ ತುದಿ ಮಾತ್ರ ಕಾಣುತ್ತದೆ. ಚಿಕ್ಕವನಿದ್ದಾಗ ಅಷ್ಟಕ್ಕೇ ಅಜ್ಜನ ಶಾಲಿನೊಳಗೆ ಮುಖ ಹುದುಗಿಸುತ್ತಿದ್ದೆ. ತೆರೆ ಸರಿದ ಮೇಲೆ ಹೆದರಿಕೆ ಇಲ್ಲ. ಅಷ್ಟು ಹೊತ್ತಿಗೆ ‘ಓ, ಇದು ನಮ್ಮ ಮೇಲಿನ ಮನೆ ಭಾವ’ ಅಂತ ಗುರುತು ಸಿಕ್ಕಿರುತ್ತಿತ್ತು. ಹಾರರ್ ಸಿನಿಮಾದಲ್ಲೂ ನಾನು ನೋಡುವುದು ಇಷ್ಟೇ: ತೆರೆ ಎಷ್ಟು ಹೊತ್ತು ಹಿಡಿದಿರುತ್ತಾರೆ?

‘ವೆಪನ್ಸ್’ (2025, ನಿರ್ದೇಶನ ಜಾಕ್ ಕ್ರೆಗರ್) ತುಂಬಾ ಹೊತ್ತು ಹಿಡಿಯುತ್ತದೆ. ಒಂದೇ ತರಗತಿಯ 17 ಮಕ್ಕಳು ರಾತ್ರಿ 2.17ಕ್ಕೆ ಎದ್ದು, ತಾವಾಗಿಯೇ ಬಾಗಿಲು ತೆಗೆದು, ಕತ್ತಲಲ್ಲಿ ಓಡಿಹೋಗುತ್ತಾರೆ. ಇಷ್ಟು ಟ್ರೈಲರ್‌ನಲ್ಲೇ ಇದೆ. ಆ ಓಟ ನೋಡಬೇಕು. ವಿಮಾನ ಆಟ ಆಡುವ ಮಕ್ಕಳ ಹಾಗೆ ಎರಡೂ ಕೈ ಚಾಚಿ, ಸದ್ದಿಲ್ಲದೆ. ಆ ದೃಶ್ಯದಲ್ಲಿ ರಕ್ತ ಇಲ್ಲ, ಕಿರುಚಾಟ ಇಲ್ಲ, ಆದರೂ ಮೈ ತಣ್ಣಗಾಗುತ್ತದೆ. ಕೊನೆಯ ಭಾಗದ ಧಾಟಿ ಕೆಲವರಿಗೆ ಹಿಡಿಸಲಿಲ್ಲ. ನನಗೆ ಹಿಡಿಸಿತು.

‘ಸಿನ್ನರ್ಸ್’ (2025) ಇನ್ನೊಂದು ಜಾತಿ. 1932ರ ಮಿಸಿಸಿಪ್ಪಿ, ಅವಳಿ ಅಣ್ಣತಮ್ಮಂದಿರು, ಎರಡೂ ಪಾತ್ರ ಮೈಕಲ್ ಬಿ. ಜೋರ್ಡನ್‌ದೇ. ಹೊತ್ತು ಮುಳುಗುವವರೆಗೆ ದೆವ್ವವೂ ಇಲ್ಲ, ಪಿಶಾಚಿಯೂ ಇಲ್ಲ. ಜನ ಸೇರುತ್ತಾರೆ, ಮೀನು ಕರಿಯುವ ವ್ಯವಸ್ಥೆ ಆಗುತ್ತದೆ, ಹಾಡುವವರನ್ನು ಹುಡುಕುತ್ತಾರೆ. ‘ಯಾವಾಗ ಶುರುವಾಗುತ್ತದೆ?’ ಅಂತ ಗಡಿಯಾರ ನೋಡುವವರು ದೂರ ಇರಿ. ಅಷ್ಟು ಹೊತ್ತು ಆ ಜನರ ಜೊತೆ ಕೂತಿದ್ದಕ್ಕೇ ಆಮೇಲೆ ಅವರಿಗೇನಾಗುತ್ತದೋ ಅಂತ ಭಯ ಆಗುವುದು. ಮಧ್ಯದಲ್ಲಿ ಒಂದು ಹಾಡಿನ ದೃಶ್ಯವಿದೆ. ಅದರ ಬಗ್ಗೆ ಒಂದಕ್ಷರ ಹೇಳುವುದಿಲ್ಲ, ಒಳ್ಳೆಯ ಹೆಡ್‌ಫೋನ್ ಹಾಕಿಕೊಳ್ಳಿ ಅಷ್ಟೆ.

ಸೂಪರ್‌ಹೀರೊಗಳದ್ದು ಬೇಗ ಮುಗಿಸುತ್ತೇನೆ, ಯಾಕೆಂದರೆ ನನಗೇ ಸ್ವಲ್ಪ ಸಾಕಾಗಿದೆ. ಜೇಮ್ಸ್ ಗನ್ ಅವರ ‘ಸೂಪರ್‌ಮ್ಯಾನ್’ (2025) ಮಕ್ಕಳ ಜೊತೆ ನೋಡಲು ಚೆಂದ. ಅದರಲ್ಲಿ ಬರುವ ನಾಯಿ ಕ್ರಿಪ್ಟೊ ಹೇಳಿದ ಮಾತು ಕೇಳುವುದಿಲ್ಲ, ನಮ್ಮನೆ ನಾಯಿಯ ಹಾಗೇ. ಪಾತ್ರಗಳು ಮಾತ್ರ ಅತಿಯಾಯಿತು. ‘ಫೆಂಟಾಸ್ಟಿಕ್ ಫೋರ್: ಫಸ್ಟ್ ಸ್ಟೆಪ್ಸ್’ನ 60ರ ದಶಕದ ಸೆಟ್ಟು, ಬಟ್ಟೆ, ಬಣ್ಣ ಎಲ್ಲ ನೆನಪಿದೆ, ಬೇರೆ ಏನೂ ಅಷ್ಟಾಗಿ ನೆನಪಿಲ್ಲ. ‘ಥಂಡರ್‌ಬೋಲ್ಟ್ಸ್’ ಮಾತ್ರ ನಾನು ಅಂದುಕೊಂಡಿದ್ದಕ್ಕಿಂತ ಚೆನ್ನಾಗಿತ್ತು. ಒಳಗೊಳಗೇ ಸೋತವರ ಕಥೆ ಅದು, ಹೊಡೆದಾಟ ನೆಪಕ್ಕೆ. ಕೌಲಾಲಂಪುರದ ಮೆರ್ಡೆಕಾ 118 ಕಟ್ಟಡದಿಂದ ನಾಯಕಿ ಫ್ಲಾರೆನ್ಸ್ ಪ್ಯೂ ನಿಜವಾಗಿಯೇ ಜಿಗಿದಿದ್ದಾರೆ, ಗ್ರಾಫಿಕ್ಸ್ ಅಲ್ಲ. ಜಗತ್ತಿನ ಎರಡನೇ ಅತಿ ಎತ್ತರದ ಕಟ್ಟಡ ಅದು. ನನಗೆ ದೇವಿಮನೆ ಘಟ್ಟದಲ್ಲಿ ಬಸ್ಸಿನ ಕಿಟಕಿಯಿಂದ ಕೆಳಗೆ ನೋಡಿದರೇ ತಲೆ ತಿರುಗುತ್ತದೆ.

ಒಂದೇ ಸೂಪರ್‌ಹೀರೊ ಸಿನಿಮಾ ನೋಡುವಷ್ಟು ಪುರುಸೊತ್ತಿದ್ದರೆ ಮಲಯಾಳದ ‘ಲೋಕಾ’ (2025) ನೋಡಿ. ಕಲ್ಯಾಣಿ ಪ್ರಿಯದರ್ಶನ್ ನಾಯಕಿ, ನಡೆಯುವುದು ನಮ್ಮ ಬೆಂಗಳೂರಲ್ಲಿ. ಕೇರಳದ ಒಂದು ಹಳೇ ದಂತಕಥೆಯನ್ನು ತಂದು ಕೂರಿಸಿದ್ದಾರೆ. ಯಾವುದು ಅಂತ ಹೇಳಿದರೆ ಅರ್ಧ ಮಜಾ ಹೋಗುತ್ತದೆ, ಅದಕ್ಕೇ ವಿಕಿಪೀಡಿಯಾ ಕಡೆ ಹೋಗಬೇಡಿ. ಬೆಂಗಳೂರಿನ ಹುಡುಗಿಯರ ಬಗ್ಗೆ ಅದರಲ್ಲಿದ್ದ ಒಂದು ಸಂಭಾಷಣೆ ಗಲಾಟೆಯಾಗಿ ತಂಡದವರು ಕ್ಷಮೆ ಕೇಳಿದರು. ಕೇಳಬೇಕಾದ್ದೇ. ಎರಡನೇ ಅರ್ಧ ಸ್ವಲ್ಪ ಸಡಿಲ. ಆದರೂ ಅಮೆರಿಕದವರನ್ನು ನಕಲು ಹೊಡೆಯದೆ ನಮ್ಮ ಕಡೆಯ ಕಥೆಯಿಂದಲೇ ಹೀರೊ ಹುಟ್ಟಿಸಬಹುದು ಅಂತ ಅನಿಸಿತು.

ಇನ್ನು ನನ್ನ ಮೆಚ್ಚಿನದ್ದು. ಮಮ್ಮುಟ್ಟಿಯವರ ‘ಭ್ರಮಯುಗಂ’, 2024ರದ್ದು. ಪೂರ್ತಿ ಕಪ್ಪು ಬಿಳುಪು. ಕಾಡಿನ ನಡುವೆ ಒಂದು ಪಾಳುಬಿದ್ದ ಮನೆ, ಬೆರಳೆಣಿಕೆಯ ಜನ, ಬಿಡದ ಮಳೆ. ಇದನ್ನು ನಾನು ಊರ ಮನೆಯಲ್ಲಿ ಜುಲೈ ತಿಂಗಳಲ್ಲಿ ನೋಡಿದೆ. ಕರೆಂಟು ಮೂರು ದಿನದಿಂದ ಸರಿಯಾಗಿರಲಿಲ್ಲ. ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಂಡಿದ್ದೆ, ಲ್ಯಾಪ್‌ಟಾಪ್‌ನಲ್ಲಿ ಇದ್ದಷ್ಟು ಬ್ಯಾಟರಿ. ಹೆಂಚಿನ ಮೇಲೆ ಸುರಿಯುವುದು ನಮ್ಮ ಮಳೆಯೋ ಸಿನಿಮಾದ ಮಳೆಯೋ ಗೊತ್ತಾಗುತ್ತಿರಲಿಲ್ಲ. ಮಕ್ಕಳೆಲ್ಲ ಬೆಂಗಳೂರು ಸೇರಿ, ಮುದುಕರೂ ಹೋಗಿ, ಜಗುಲಿಯಲ್ಲಿ ಹುಲ್ಲು ಬೆಳೆದ ದೊಡ್ಡ ಮನೆಗಳು ನಮ್ಮಲ್ಲಿ ಎಷ್ಟಿಲ್ಲ? ಹಾಗಾಗಿ ಆ ಮನೆ ನನಗೆ ಸೆಟ್ ಅನಿಸಲೇ ಇಲ್ಲ. ಮಮ್ಮುಟ್ಟಿ ಸುಮ್ನೆ ಕೂತು ನಗುತ್ತಾರೆ. ಪಗಡೆ ಆಡೋಣವಾ ಅನ್ನುತ್ತಾರೆ. ಅಷ್ಟಕ್ಕೇ ಬೆವರುತ್ತದೆ.

ಒಳಗಿನಿಂದ ಆಯಿ ‘ಸಾಕು, ಮನಿಕ್ಯ’ ಅಂದಳು. ಮಲಗುವ ಮೊದಲು ಬಚ್ಚಲಿಗೆ ಹೋಗಬೇಕಲ್ಲ. ನಮ್ಮದು ಹಿಂದುಗಡೆ, ಕೊಟ್ಟಿಗೆ ದಾಟಿ ಹೋಗಬೇಕು. ಟಾರ್ಚ್ ಬಿಟ್ಟರೆ ಬಾಗಿಲ ಪಕ್ಕದಲ್ಲಿ ಯಾರೋ ತಲೆ ತಗ್ಗಿಸಿ ನಿಂತಿದ್ದಾರೆ. ನೋಡಿದರೆ ಒಣಗಲು ನೇತುಹಾಕಿದ್ದ ಕಂಬಳಿಕೊಪ್ಪೆ. ನಾನೇ ಸಂಜೆ ನೇತುಹಾಕಿದ್ದು!

ಹೆದರಿಕೆಯ ಜೊತೆ ನಗುವೂ ಬೇಕು ಅನ್ನುವವರಿಗೆ ಹಿಂದಿಯ ‘ಮುಂಜ್ಯಾ’ (2024) ಇದೆ. ಮುಂಜಿಯಾದ ಕೆಲವೇ ದಿನಕ್ಕೆ ಸತ್ತ ಹುಡುಗ ಅರಳಿ ಮರದಲ್ಲಿ ಇರುತ್ತಾನೆ ಅನ್ನುವ ಕೊಂಕಣದ ನಂಬಿಕೆ ಅದರ ಬುಡ. ಕಾರವಾರದ ನನ್ನ ಮನೆ ಓನರ್ ಆಂಟಿಗೆ ಹೇಳಿದೆ. ಕೊಂಕಣಿಯವರು. ‘ಅದಕ್ಕೆ ಸಿನಿಮಾ ಯಾಕೆ, ನಾನೇ ಹೇಳುತ್ತೇನೆ ಕೂತ್ಕೊ’ ಅಂದು ಒಂದು ಗಂಟೆ ಹೇಳಿದರು. ಅದು ಜಾಸ್ತಿ ಚೆನ್ನಾಗಿತ್ತು. ಕನ್ನಡದ ‘ಸು ಫ್ರಮ್ ಸೋ’ (2025, ಜೆ.ಪಿ. ತುಮಿನಾಡು) ನೋಡಿಲ್ಲ ಅಂದರೆ ಇವತ್ತೇ ನೋಡಿ. ದೆವ್ವದ ಲೆಕ್ಕದಲ್ಲಿ ಶುರುವಾಗಿ ಇಡೀ ಊರಿನ ಬಣ್ಣ ಬಯಲು ಮಾಡುತ್ತದೆ.

‘ಕಾಂಜೂರಿಂಗ್: ಲಾಸ್ಟ್ ರೈಟ್ಸ್’ ಬೇಡ, ಅಲ್ಲಿ ತೆರೆ ಹಿಡಿಯುವವರೇ ಇಲ್ಲ, ವೇಷ ಓಡೋಡಿ ಬರುತ್ತದೆ. ‘ಬ್ರಿಂಗ್ ಹರ್ ಬ್ಯಾಕ್’ ಒಳ್ಳೆಯ ಸಿನಿಮಾ, ಆದರೆ ಊಟ ಮಾಡುತ್ತಾ ನೋಡಬೇಡಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದವರು ನೋಡಲೇಬೇಡಿ.

‘ಭ್ರಮಯುಗಂ’ ಮಾಡಿದ ರಾಹುಲ್ ಸದಾಶಿವನ್ ಅವರದ್ದೇ ‘ಡಿಯೆಸ್ ಈರೆ’ 2025ರ ಕೊನೆಯಲ್ಲಿ ಬಂತು. ಮಳೆಗಾಲಕ್ಕೆ ಅಂತ ಇಟ್ಟುಕೊಂಡಿದ್ದೇನೆ, ಇನ್ನೂ ನೋಡಿಲ್ಲ. ನೀವು ಮೊದಲೇ ನೋಡಿದರೆ ಇಲ್ಲಿ ಬಂದು ಹೂಂ ಅಥವಾ ಊಹೂಂ ಅನ್ನಿ. ಅದಕ್ಕಿಂತ ಹೆಚ್ಚು ಬೇಡ.